ಅರ್ಲಿ ಡಿಸಿಷನ್ ಅರ್ಜಿ ಡಿಫರ್ ಆದ ಮೇಲೆ ಮಾರ್ಚ್‌ನಲ್ಲಿ ಸೀಟು ಸಿಗುವ ಸಾಧ್ಯತೆ ಎಷ್ಟು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಅಮೆರಿಕದಲ್ಲಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಓದುತ್ತಿದ್ದಾಳೆ. ತನಗೆ ಎಲ್ಲಕ್ಕಿಂತ ಇಷ್ಟವಾದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ನವೆಂಬರ್ 1ರ ಗಡುವಿನೊಳಗೆ ಅರ್ಲಿ ಡಿಸಿಷನ್ ಪದ್ಧತಿಯಲ್ಲಿ, ಅಂದರೆ ಆಯ್ಕೆಯಾದರೆ ಅಲ್ಲಿಗೇ ಸೇರುತ್ತೇವೆಂದು ಸಹಿ ಮಾಡಿ, ಬೇಗನೆ ಅರ್ಜಿ ಹಾಕಿದ್ದಳು. ಮೊನ್ನೆ ಸಂಜೆ ಫಲಿತಾಂಶ ಬಂತು. ಆಯ್ಕೆಯಾಗಿದೆ ಎಂದೂ ಇರಲಿಲ್ಲ, ಆಗಿಲ್ಲ ಎಂದೂ ಇರಲಿಲ್ಲ. ಅರ್ಜಿಯನ್ನು ರೆಗ್ಯುಲರ್ ಡಿಸಿಷನ್ ಎಂಬ ಸಾಮಾನ್ಯ ಸುತ್ತಿಗೆ ಮುಂದೂಡಲಾಗಿದೆ (ಇದನ್ನೇ ಡಿಫರ್ ಎನ್ನುತ್ತಾರೆ), ಮಾರ್ಚ್ ತಿಂಗಳ ಕೊನೆಯಲ್ಲಿ ತಿಳಿಸಲಾಗುವುದು ಎಂಬ ಚಿಕ್ಕ ಪತ್ರವಿತ್ತು. ಅವಳು ಅದನ್ನು ಎರಡು ಸಲ ಓದಿ, ಲ್ಯಾಪ್‌ಟಾಪ್ ಮುಚ್ಚಿ, ಏನೂ ಮಾತನಾಡದೆ ತನ್ನ ಕೋಣೆಗೆ ಹೋದಳು. ಅಂದಿನಿಂದ ಉಳಿದ ಕಾಲೇಜುಗಳ ಪ್ರಬಂಧಗಳನ್ನು ಮುಟ್ಟಿಲ್ಲ.

ಅವಳ ಜಿಪಿಎ (ಶಾಲೆಯ ಗ್ರೇಡ್‌ಗಳ ಸರಾಸರಿ) 3.9, ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ 1600ಕ್ಕೆ 1510. ಬಯಾಲಜಿ ಓದುವ ಆಸೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಕ್ಕೆ ಅರ್ಜಿ ಆಗಲೇ ಹೋಗಿದೆ. ಇನ್ನೂ ಏಳು ಕಾಲೇಜುಗಳಿಗೆ ಹಾಕುವುದೆಂದು ಪಟ್ಟಿ ಮಾಡಿಟ್ಟುಕೊಂಡಿದ್ದೇವೆ. ಅವುಗಳ ಗಡುವು ಜನವರಿಯ ಮೊದಲ ವಾರದಲ್ಲಿದೆ, ಪ್ರಬಂಧಗಳು ಅರ್ಧಕ್ಕೆ ನಿಂತಿವೆ.

ನನ್ನ ಪತಿ ಇದನ್ನು ಅರ್ಧ ಒಪ್ಪಿಗೆ ಎಂದು ಭಾವಿಸಿದ್ದಾರೆ. ನಮ್ಮ ಪರಿಚಯದವರೊಬ್ಬರು ಇದು ನೋವಾಗದಂತೆ ಹೇಳಿದ ನಿರಾಕರಣೆ, ಮರೆತುಬಿಡಿ ಎಂದರು. ಇವೆರಡರಲ್ಲಿ ಯಾವುದು ಸರಿ? ಡಿಫರ್ ಆದವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಕೊನೆಗೆ ಸೀಟು ಸಿಗುತ್ತದೆ? ಅರ್ಲಿ ಡಿಸಿಷನ್‌ಗೆ ನಾವು ಮಾಡಿದ ಸಹಿ ಈಗಲೂ ನಮ್ಮನ್ನು ಕಟ್ಟಿಹಾಕುತ್ತದೆಯೇ, ಅಥವಾ ಬೇರೊಂದು ಕಾಲೇಜಿಗೆ ಅರ್ಲಿ ಡಿಸಿಷನ್ 2ರಲ್ಲಿ (ಇಂಥದ್ದೇ ಎರಡನೆಯ ಸುತ್ತಿನಲ್ಲಿ) ಅರ್ಜಿ ಹಾಕಬಹುದೇ? ಆಸಕ್ತಿ ಉಳಿದಿದೆ ಎಂದು ಪತ್ರ ಬರೆಯಬೇಕಂತೆ, ಅದರಲ್ಲಿ ಏನಿರಬೇಕು? ಆ ವಿಶ್ವವಿದ್ಯಾಲಯದಲ್ಲಿ ಓದಿದ ನೆಂಟರೊಬ್ಬರಿದ್ದಾರೆ, ಅವರಿಂದ ಒಂದು ಮಾತು ಹೇಳಿಸಿದರೆ ಅನುಕೂಲವಾದೀತೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1 (ಹೈಸ್ಕೂಲೊಂದರ ಕೌನ್ಸೆಲಿಂಗ್ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವರು)

ಮೇಡಂ, ಮೊದಲು ಸಹಿಯ ವಿಷಯವನ್ನು ಮುಗಿಸಿಬಿಡುತ್ತೇನೆ. ಅರ್ಲಿ ಡಿಸಿಷನ್‌ನ ಕರಾರು ಆ ಸುತ್ತಿನಲ್ಲಿ ಆಯ್ಕೆಯಾದವರಿಗೆ ಮಾತ್ರ ಅನ್ವಯಿಸುತ್ತದೆ. ಅರ್ಜಿ ಡಿಫರ್ ಆದ ಕ್ಷಣಕ್ಕೇ ನಿಮ್ಮ ಮಗಳು ಆ ಕಟ್ಟಿನಿಂದ ಬಿಡುಗಡೆಯಾದಳು. ಮಾರ್ಚ್‌ನಲ್ಲಿ ಅದೇ ವಿಶ್ವವಿದ್ಯಾಲಯ ಆಯ್ಕೆ ಮಾಡಿದರೂ ಅಲ್ಲಿಗೇ ಸೇರಬೇಕೆಂಬ ಕಡ್ಡಾಯವಿಲ್ಲ. ಉಳಿದವರಂತೆ ಮೇ 1ರವರೆಗೆ ಯೋಚಿಸಿ ತೀರ್ಮಾನಿಸಬಹುದು.

ಇನ್ನು ಶೇಕಡಾವಾರು ಲೆಕ್ಕ. ಇಲ್ಲಿ ನಾನು ಕಂಡ ದೊಡ್ಡ ತಪ್ಪು ತಿಳಿವಳಿಕೆಯೆಂದರೆ, ಡಿಫರ್ ಎಂಬ ಪದಕ್ಕೆ ಎಲ್ಲ ಕಾಲೇಜುಗಳಲ್ಲೂ ಒಂದೇ ಅರ್ಥವಿದೆ ಎಂದು ತಂದೆತಾಯಿಗಳು ಭಾವಿಸುವುದು. ವಾಸ್ತವವಾಗಿ ಅದು ಆಯಾ ಕಾಲೇಜಿನ ರೂಢಿಗೆ ತಕ್ಕಂತೆ ಬದಲಾಗುತ್ತದೆ. 2023ರ ಡಿಸೆಂಬರ್ ತಿಂಗಳನ್ನೇ ನೋಡಿ. ಯೇಲ್ ವಿಶ್ವವಿದ್ಯಾಲಯಕ್ಕೆ ಅರ್ಲಿ ಸುತ್ತಿನಲ್ಲಿ 7,856 ಅರ್ಜಿಗಳು ಬಂದು 709 ಮಂದಿ ಆಯ್ಕೆಯಾದರು. ಐವರಲ್ಲಿ ಒಬ್ಬರಷ್ಟು ಮಂದಿಯನ್ನು ಮಾತ್ರ ಡಿಫರ್ ಮಾಡಿ, ಉಳಿದ ಬಹುಪಾಲು ಅರ್ಜಿದಾರರಿಗೆ ಆಗಲೇ ಇಲ್ಲ ಎಂದು ಹೇಳಿಬಿಟ್ಟರು. ಅದೇ ತಿಂಗಳು ಹಾರ್ವರ್ಡ್ 7,921 ಅರ್ಜಿಗಳಲ್ಲಿ 692 ಮಂದಿಯನ್ನು ಆಯ್ಕೆ ಮಾಡಿ, ಉಳಿದವರಲ್ಲಿ ಬಹುಪಾಲು ಜನರನ್ನು ಡಿಫರ್ ಮಾಡಿತು. ಸ್ಟ್ಯಾನ್‌ಫರ್ಡ್ ತೀರ ಕಡಿಮೆ ಮಂದಿಯನ್ನು ಡಿಫರ್ ಮಾಡುತ್ತದೆ. ಸಾಧ್ಯವಾದಷ್ಟು ಜನರಿಗೆ ಡಿಸೆಂಬರ್‌ನಲ್ಲೇ ಅಂತಿಮ ಉತ್ತರ ಕೊಡುವುದು ಅವರ ಪದ್ಧತಿ. ಜಾರ್ಜ್‌ಟೌನ್‌ನ ಬಹುಕಾಲದ ಕ್ರಮ ಇದಕ್ಕೆ ತದ್ವಿರುದ್ಧ: ಅರ್ಲಿ ಆಕ್ಷನ್‌ನಲ್ಲಿ (ಸೇರಲೇಬೇಕೆಂಬ ಕರಾರಿಲ್ಲದ ಬೇಗದ ಸುತ್ತಿನಲ್ಲಿ) ಆಯ್ಕೆಯಾಗದ ಎಲ್ಲರನ್ನೂ ರೆಗ್ಯುಲರ್ ಸುತ್ತಿಗೆ ಕಳುಹಿಸುತ್ತಿತ್ತು, ಅವರಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ವಸಂತದಲ್ಲಿ ಸೀಟು ಸಿಗುತ್ತದೆಂದು ತಾನೇ ಹೇಳುತ್ತ ಬಂದಿತ್ತು.

ಹೀಗಿರುವಾಗ, ಹತ್ತರಲ್ಲಿ ಎಂಟು ಮಂದಿಯನ್ನು ಡಿಫರ್ ಮಾಡುವ ಕಡೆ ಆ ಪತ್ರದಿಂದ ನಿಮಗೆ ಹೆಚ್ಚೇನೂ ತಿಳಿಯುವುದಿಲ್ಲ. ಹತ್ತರಲ್ಲಿ ಒಬ್ಬರನ್ನೋ ಇಬ್ಬರನ್ನೋ ಡಿಫರ್ ಮಾಡುವ ಕಡೆಯಾದರೆ, ಸಮಿತಿಯಲ್ಲಿ ಯಾರೋ ನಿಮ್ಮ ಮಗಳ ಅರ್ಜಿಯನ್ನು ಕೈಬಿಡಲು ಮನಸ್ಸು ಮಾಡಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ನಿಮ್ಮ ಪತಿಯ ಮಾತೂ ಪರಿಚಯದವರ ಮಾತೂ ಯಾವ ಕಾಲೇಜು ಎಂಬುದರ ಮೇಲೆ ನಿಲ್ಲುತ್ತವೆ. ಆದರೂ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಹಲವು ಖಾಸಗಿ ವಿಶ್ವವಿದ್ಯಾಲಯಗಳು ತಮ್ಮ ತರಗತಿಯ ಸುಮಾರು ಅರ್ಧದಷ್ಟು ಸೀಟುಗಳನ್ನು ಅರ್ಲಿ ಡಿಸಿಷನ್‌ನಲ್ಲೇ ತುಂಬಿಸಿಕೊಳ್ಳುತ್ತವೆ. ಉಳಿದ ಅರ್ಧಕ್ಕೆ ಹಲವು ಪಟ್ಟು ಹೆಚ್ಚಿನ ಅರ್ಜಿಗಳು ಬರುತ್ತವೆ. ಡಿಫರ್ ಆದವಳು ಆ ದೊಡ್ಡ ಗುಂಪಿನಲ್ಲಿ ಮತ್ತೆ ಮೊದಲಿನಿಂದ ನಿಲ್ಲಬೇಕು, ಮತ್ತು ಅರ್ಲಿ ಅರ್ಜಿಗೆ ಇದ್ದ ಅನುಕೂಲ ಈಗ ಅವಳ ಕೈಯಲ್ಲಿಲ್ಲ. ಆದ್ದರಿಂದ ಈ ಒಂದು ಕಡೆಯನ್ನು ಸಣ್ಣ ಸಾಧ್ಯತೆಯೆಂದೇ ಇಟ್ಟುಕೊಂಡು, ಇಂದಿನಿಂದ ಜನವರಿಯ ಗಡುವಿನವರೆಗಿನ ದಿನಗಳನ್ನು ಆ ಏಳು ಪ್ರಬಂಧಗಳಿಗೆ ಕೊಡಬೇಕು. ಪತ್ರವನ್ನು ಜನವರಿಯಲ್ಲಿ ಬರೆದರೂ ತಡವಾಗುವುದಿಲ್ಲ. ಪ್ರಬಂಧಗಳಿಗೆ ಆ ಸಮಯವಿಲ್ಲ.

ಈ ವಾರವೇ ಮಾಡಬೇಕಾದ ಒಂದು ಕೆಲಸವಿದೆ. ರಜೆಗೆ ಶಾಲೆ ಮುಚ್ಚುವ ಮೊದಲು ಮಗಳು ತನ್ನ ಕೌನ್ಸೆಲರ್ ಅವರನ್ನು ಕಾಣಲಿ. ನಿಮ್ಮದೇ ಶಾಲೆಯಿಂದ ಹಿಂದಿನ ವರ್ಷಗಳಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಡಿಫರ್ ಆದವರಿಗೆ ಏನಾಯಿತು ಎಂಬ ದಾಖಲೆ ಅವರ ಬಳಿ ಇರುತ್ತದೆ. ನಾನಿಲ್ಲಿ ಕೊಟ್ಟ ಅಂಕಿಗಳಿಗಿಂತ ಆ ಐದಾರು ವಿದ್ಯಾರ್ಥಿಗಳ ಕಥೆಯೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅವರು ಆ ವಿಶ್ವವಿದ್ಯಾಲಯದ ನಿಮ್ಮ ಪ್ರದೇಶದ ಪ್ರವೇಶಾಧಿಕಾರಿಗೆ ಫೋನ್ ಮಾಡಿ, ಅರ್ಜಿಯಲ್ಲಿ ಏನಾದರೂ ಕೊರತೆ ಕಂಡಿತೇ ಎಂದು ಕೇಳಲೂಬಹುದು. ಕೆಲವರು ಹೇಳುತ್ತಾರೆ, ಕೆಲವರು ಹೇಳುವುದಿಲ್ಲ. ಆದರೆ ಕೇಳಬೇಕಾದವರು ಕೌನ್ಸೆಲರ್, ತಂದೆತಾಯಿ ಅಲ್ಲ.

ಉತ್ತರ 2 (ಮಗನ ಅರ್ಜಿ ಡಿಫರ್ ಆದದ್ದನ್ನು ಕಂಡ ತಾಯಿ)

ನಿಮ್ಮ ಪ್ರಶ್ನೆ ಓದಿ ನಮ್ಮ ಮನೆಯ ಆ ಡಿಸೆಂಬರ್ ಕಣ್ಣ ಮುಂದೆ ಬಂತು. ನಮ್ಮ ಮಗನೂ ಹೀಗೆಯೇ ಮೂರು ದಿನ ಯಾರ ಜೊತೆಗೂ ಮಾತನಾಡಲಿಲ್ಲ. ನಾನು ಸಮಾಧಾನ ಹೇಳಲು ಹೋಗಿ, ಅದು ನಿನ್ನ ಮೇಲಿನ ತೀರ್ಪಲ್ಲ ಎಂದು ಮತ್ತೆ ಮತ್ತೆ ಹೇಳುತ್ತಿದ್ದೆ. ಅವನಿಗೆ ಅದು ಬೇಕಾಗಿರಲಿಲ್ಲ. ನಾಲ್ಕನೆಯ ದಿನ ಅವನ ಅಪ್ಪ ಪಕ್ಕದಲ್ಲಿ ಕುಳಿತು, ಒಂದೇ ಒಂದು ಕಾಲೇಜಿನ ಇನ್ನೂರೈವತ್ತು ಪದಗಳ ಪ್ರಬಂಧವನ್ನು ಇವತ್ತು ಮುಗಿಸೋಣ, ಉಳಿದದ್ದನ್ನು ನಾಳೆ ನೋಡೋಣ ಎಂದರು. ಅಲ್ಲಿಂದ ಬಂಡಿ ಹೊರಟಿತು.

ಪತ್ರದ ಬಗ್ಗೆ ವಿವರವಾಗಿ ಬರೆಯುತ್ತೇನೆ, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ಮಗನ ಮೊದಲ ಕರಡು ಎರಡು ಪುಟವಿತ್ತು. ನಿಮ್ಮ ವಿಶ್ವವಿದ್ಯಾಲಯ ನನ್ನ ಬಾಲ್ಯದ ಕನಸು, ನಿಮ್ಮ ಪ್ರಾಧ್ಯಾಪಕರು ಜಗತ್ಪ್ರಸಿದ್ಧರು, ನನಗೆ ಅವಕಾಶ ಕೊಟ್ಟರೆ ನಿರಾಶೆಗೊಳಿಸುವುದಿಲ್ಲ ಎಂಬಂಥ ಮಾತುಗಳೇ ತುಂಬಿದ್ದವು. ಅವನ ಇಂಗ್ಲಿಷ್ ಶಿಕ್ಷಕಿ ಅದನ್ನು ಓದಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಬರೆದುಕೊಟ್ಟರು: ನವೆಂಬರ್ 1ರಂದು ಅವರಿಗೆ ಗೊತ್ತಿಲ್ಲದಿದ್ದ ಯಾವ ಸಂಗತಿ ಇದರಲ್ಲಿದೆ? ಹುಡುಕಿದರೆ ಒಂದೂ ಇರಲಿಲ್ಲ. ಎರಡು ಪುಟವನ್ನೂ ಪಕ್ಕಕ್ಕಿಟ್ಟು ಅವನು ಮತ್ತೆ ಕುಳಿತ. ಶಾಲೆಯ ಹಿಂದಿನ ಹಳ್ಳದ ನೀರನ್ನು ವಾರಕ್ಕೊಮ್ಮೆ ಪರೀಕ್ಷಿಸುವ ಕೆಲಸವನ್ನು ಅವನು ಅಕ್ಟೋಬರ್ ಕೊನೆಯಲ್ಲಿ ಆರಂಭಿಸಿದ್ದ. ಅರ್ಜಿಯಲ್ಲಿ ಅದು ಅರ್ಧ ಸಾಲಿನಲ್ಲಿತ್ತು. ಜನವರಿಯ ಹೊತ್ತಿಗೆ ಹತ್ತು ವಾರಗಳ ಅಳತೆಗಳಿದ್ದವು, ಮಳೆ ಬಂದ ಮರುದಿನ ನೈಟ್ರೇಟ್ ಏರುತ್ತದೆಂದು ಅವನಿಗೆ ತಿಳಿದಿತ್ತು, ಊರಿನ ಸಭೆಯಲ್ಲಿ ಆ ನಕ್ಷೆಯನ್ನು ತೋರಿಸಿದ್ದ. ಕೊನೆಗೆ ಕಳುಹಿಸಿದ ಪತ್ರ ಒಂದು ಪುಟಕ್ಕಿಂತ ಕಡಿಮೆ: ನೀವು ಆಯ್ಕೆ ಮಾಡಿದರೆ ಖಂಡಿತ ಸೇರುತ್ತೇನೆ ಎಂಬ ಒಂದು ಸಾಲು, ಮೊದಲ ಸೆಮಿಸ್ಟರ್‌ನ ಗ್ರೇಡ್‌ಗಳ ಬಗ್ಗೆ ಒಂದು ಸಾಲು, ಉಳಿದದ್ದೆಲ್ಲ ಹಳ್ಳದ ವಿಷಯ.

ಮಾರ್ಚ್‌ನಲ್ಲಿ ಅವನಿಗೆ ಅಲ್ಲಿ ಸೀಟು ಸಿಗಲಿಲ್ಲ. ಅದನ್ನೂ ಹೇಳಲೇಬೇಕು. ಆದರೆ ಆ ಪತ್ರ ಬರೆಯುವಾಗ ತನ್ನ ಕೆಲಸವನ್ನು ಹೇಗೆ ಹೇಳಬೇಕೆಂದು ಅವನಿಗೆ ತಿಳಿಯಿತು, ಮತ್ತು ಅದೇ ವಿಷಯವನ್ನು ವಿದ್ಯಾರ್ಥಿವೇತನವೊಂದರ ಪ್ರಬಂಧದಲ್ಲಿ ಬಳಸಿಕೊಂಡ. ಈಗ ಓದುತ್ತಿರುವ ಕಡೆ ಅದೇ ವೇತನದಿಂದ ನಮಗೆ ಬಹಳ ನೆರವಾಗಿದೆ.

ಮಿಡ್-ಇಯರ್ ರಿಪೋರ್ಟ್ ಬಗ್ಗೆ ಒಂದು ಎಚ್ಚರಿಕೆ. ಮೊದಲ ಸೆಮಿಸ್ಟರ್‌ನ ಗ್ರೇಡ್‌ಗಳನ್ನು ಶಾಲೆಯೇ ಕಳುಹಿಸಬೇಕು. ನಾವು ಹಾಗೆಂದು ಸುಮ್ಮನಿದ್ದೆವು. ಫೆಬ್ರವರಿ ಎರಡನೆಯ ವಾರ ಕಾಲೇಜಿನ ಅರ್ಜಿ ಪೋರ್ಟಲ್‌ನಲ್ಲಿ ನೋಡಿದರೆ ಆ ಸಾಲಿನ ಮುಂದೆ ಇನ್ನೂ ತಲುಪಿಲ್ಲ ಎಂದೇ ಇತ್ತು. ನಿಮ್ಮ ಮಗಳು ವಾರಕ್ಕೊಮ್ಮೆ ಪೋರ್ಟಲ್ ನೋಡಲಿ, ಇಮೇಲ್‌ನ ಸ್ಪ್ಯಾಮ್ ಫೋಲ್ಡರನ್ನೂ ನೋಡಲಿ.

ಉತ್ತರ 3 (ಇಬ್ಬರು ಮಕ್ಕಳ ಅರ್ಜಿ ಮುಗಿಸಿದ ತಂದೆ)

ಅರ್ಲಿ ಡಿಸಿಷನ್ 2ರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಹಾಕಬಹುದು, ಅದಕ್ಕೆ ಅಡ್ಡಿಯಿಲ್ಲ. ಗಡುವು ಸಾಮಾನ್ಯವಾಗಿ ಜನವರಿ 1ರಿಂದ 15ರೊಳಗೆ ಇರುತ್ತದೆ, ಫಲಿತಾಂಶ ಫೆಬ್ರವರಿ ಮಧ್ಯದಲ್ಲಿ ಬರುತ್ತದೆ. ಆದರೆ ಒಂದು ವಿಷಯವನ್ನು ಮನೆಯವರೆಲ್ಲ ಕುಳಿತು ಸ್ಪಷ್ಟಪಡಿಸಿಕೊಳ್ಳಬೇಕು. ಅರ್ಲಿ ಡಿಸಿಷನ್ 2 ಕೂಡ ಕಟ್ಟುಪಾಡಿನ ಅರ್ಜಿಯೇ. ಫೆಬ್ರವರಿಯಲ್ಲಿ ಅಲ್ಲಿ ಆಯ್ಕೆಯಾದರೆ ಉಳಿದ ಎಲ್ಲ ಅರ್ಜಿಗಳನ್ನೂ ಹಿಂತೆಗೆದುಕೊಳ್ಳಬೇಕು, ಡಿಫರ್ ಆದ ಅರ್ಜಿಯನ್ನೂ ಸೇರಿಸಿ. ಅಂದರೆ ಮೊದಲ ಇಷ್ಟದ ವಿಶ್ವವಿದ್ಯಾಲಯ ಮಾರ್ಚ್‌ನಲ್ಲಿ ಏನು ಹೇಳುತ್ತಿತ್ತು ಎಂಬುದು ನಿಮಗೆ ಎಂದಿಗೂ ತಿಳಿಯುವುದಿಲ್ಲ. ಇದು ಸರಿಯೆನಿಸಿದರೆ, ಮತ್ತು ಎರಡನೆಯ ಕಾಲೇಜಿಗೆ ಮಗಳು ನಿಜವಾಗಿ ಸಂತೋಷದಿಂದ ಹೋಗುವಂತಿದ್ದರೆ, ಹಾಕುವುದು ಒಳ್ಳೆಯ ನಿರ್ಧಾರ. ಡಿಫರ್ ಆದ ನೋವಿನಲ್ಲಿ, ಎಲ್ಲಿಯಾದರೂ ಬೇಗ ಸಿಕ್ಕಿಬಿಡಲಿ ಎಂದು ಹಾಕುವುದನ್ನು ಮಾತ್ರ ನಾನು ಖಂಡಿತ ಬೇಡವೆನ್ನುತ್ತೇನೆ.

ಹಣದ ವಿಷಯವೂ ಇದೆ. ಕಟ್ಟುಪಾಡಿನ ಅರ್ಜಿ ಹಾಕಿದರೆ ನಾಲ್ಕು ಕಾಲೇಜುಗಳ ನೆರವಿನ ಪತ್ರಗಳನ್ನು ಎದುರಿಗಿಟ್ಟು ಹೋಲಿಸುವ ಅವಕಾಶ ಇರುವುದಿಲ್ಲ. ಸಿಕ್ಕ ನೆರವು ನಿಜಕ್ಕೂ ಸಾಲದಿದ್ದರೆ ಕರಾರಿನಿಂದ ಹೊರಬರಲು ದಾರಿಯಿದೆ. ಆದರೆ ಆ ಸ್ಥಿತಿಗೆ ಹೋಗುವ ಮೊದಲೇ, ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯ ಹಾಕಿ ಎಷ್ಟು ಬೀಳುತ್ತದೆಂದು ನೋಡಿಕೊಳ್ಳಿ. ಇದನ್ನು ಓದುತ್ತಿರುವವರಲ್ಲಿ ಭಾರತದಿಂದ ಅರ್ಜಿ ಹಾಕುವವರಿದ್ದರೆ ಇನ್ನೊಂದು ಮಾತು: ವಿದೇಶಿ ವಿದ್ಯಾರ್ಥಿ ನೆರವು ಕೇಳಿದ್ದಾನೆಯೇ ಎಂಬುದನ್ನು ಲೆಕ್ಕಿಸದೆ ಆಯ್ಕೆ ಮಾಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಅವುಗಳಲ್ಲಿ ಸೇರಿವೆ. ಉಳಿದೆಡೆ ನೆರವಿನ ಕೋರಿಕೆಯೂ ತಕ್ಕಡಿಯಲ್ಲಿ ತೂಗುತ್ತದೆ.

ಪಟ್ಟಿಯ ಬಗ್ಗೆಯೂ ಒಮ್ಮೆ ಯೋಚಿಸಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳ ಗಡುವು ನವೆಂಬರ್ ಕೊನೆಗೇ ಮುಗಿದಿರುವುದರಿಂದ ಅದು ಈಗ ದಾರಿಯಲ್ಲ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, ಅರಿಜೋನಾ ಸ್ಟೇಟ್‌ನಂಥವು ಅರ್ಜಿ ಬಂದ ಹಾಗೆ ಓದಿ ಉತ್ತರಿಸುತ್ತವೆ. ಅಂಥ ಒಂದು ಕಡೆಯಿಂದ ಒಪ್ಪಿಗೆ ಬಂದರೆ ಮಾರ್ಚ್‌ವರೆಗಿನ ಕಾಯುವಿಕೆ ಮಗುವಿಗೆ ಎಷ್ಟು ಹಗುರವಾಗುತ್ತದೆಂದು ನಮ್ಮ ಎರಡನೆಯ ಮಗಳಲ್ಲಿ ನೋಡಿದ್ದೇನೆ. ಬಯಾಲಜಿಗೆ ಪಿಟ್ಸ್‌ಬರ್ಗ್ ಒಳ್ಳೆಯ ಜಾಗವೂ ಹೌದು.

ಉತ್ತರ 4 (ಡಿಫರ್ ಆಗಿ ನಂತರ ಆಯ್ಕೆಯಾದ ವಿದ್ಯಾರ್ಥಿ)

ಆಂಟಿ, ನಾನು ಡಿಫರ್ ಆಗಿ, ಮಾರ್ಚ್‌ನಲ್ಲಿ ಅದೇ ಕಾಲೇಜಿಗೆ ಆಯ್ಕೆಯಾದೆ. ಯಾವುದರಿಂದ ಆಯಿತೆಂದು ನನಗೆ ಯಾರೂ ಹೇಳಲಿಲ್ಲ, ಹಾಗಾಗಿ ಪತ್ರದಿಂದಲೇ ಆಯಿತೆಂದು ಹೇಳುವುದು ತಪ್ಪಾಗುತ್ತದೆ. ಹನ್ನೊಂದನೆಯ ತರಗತಿಯಲ್ಲಿ ಕೆಮಿಸ್ಟ್ರಿಯಲ್ಲಿ ನನಗೆ ಬಿ ಬಂದಿತ್ತು. ಹನ್ನೆರಡರ ಮೊದಲ ಸೆಮಿಸ್ಟರ್‌ನಲ್ಲಿ ಎಪಿ (ಕಾಲೇಜು ಮಟ್ಟದ) ಕೆಮಿಸ್ಟ್ರಿಯಲ್ಲಿ ಎ ಬಂತು. ಅವರು ಕಾಯುತ್ತಿದ್ದದ್ದು ಅದಕ್ಕೇ ಇರಬಹುದೆಂದು ನನ್ನ ಕೌನ್ಸೆಲರ್ ಭಾವಿಸಿದ್ದರು. ಆದ್ದರಿಂದ ಡಿಸೆಂಬರ್ ಮತ್ತು ಜನವರಿಯ ಪರೀಕ್ಷೆಗಳನ್ನು ನಿಮ್ಮ ಮಗಳು ಹಗುರವಾಗಿ ತೆಗೆದುಕೊಳ್ಳಬಾರದು. ಬೇಸರದಲ್ಲಿ ಓದು ಕೈಬಿಟ್ಟ ಸ್ನೇಹಿತರನ್ನು ಕಂಡಿದ್ದೇನೆ.

ಪತ್ರ ಕಳುಹಿಸುವ ಮೊದಲು ಆ ಕಾಲೇಜು ಡಿಫರ್ ಆದವರಿಗಾಗಿ ಬರೆದಿರುವ ಸೂಚನೆಯನ್ನು ಒಂದೊಂದು ಸಾಲೂ ಬಿಡದೆ ಓದಬೇಕು. ಎಂಐಟಿಯಲ್ಲಿ ಇದಕ್ಕೆಂದೇ ಫೆಬ್ರವರಿಯಲ್ಲಿ ತುಂಬುವ ಅಪ್‌ಡೇಟ್ ಫಾರಂ ಇದೆ. ಅಲ್ಲಿ ಬೇರೆ ಪತ್ರ ಬೇಕಿಲ್ಲ. ಕೆಲವು ಕಡೆ ಪೋರ್ಟಲ್‌ನಲ್ಲಿ ಅಪ್‌ಲೋಡ್ ಮಾಡಬೇಕು, ಕೆಲವು ಕಡೆ ಹೆಚ್ಚಿನದೇನನ್ನೂ ಕಳುಹಿಸಬೇಡಿ ಎಂದೇ ಹೇಳಿರುತ್ತಾರೆ, ಆಗ ಕಳುಹಿಸಬಾರದು. ನೆಂಟರಿಂದ ಫೋನ್ ಮಾಡಿಸುವುದು ಬೇಡ, ಆಂಟಿ. ಅವಳನ್ನು ತರಗತಿಯಲ್ಲಿ ಕಂಡಿರದವರ ಮಾತಿನಿಂದ ಓದುವವರಿಗೆ ಹೊಸದೇನೂ ತಿಳಿಯುವುದಿಲ್ಲ. ಹೆಚ್ಚುವರಿ ಶಿಫಾರಸು ಪತ್ರಕ್ಕೆ ಅವಕಾಶವಿದ್ದರೆ ಈ ವರ್ಷ ಪಾಠ ಮಾಡುತ್ತಿರುವ ಶಿಕ್ಷಕರಿಂದ ಬರೆಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ಹಳ್ಳದ ನೀರಿನ ಭಾಗವನ್ನು ಅವಳೇ ಇನ್ನೊಮ್ಮೆ ಕೇಳಿದಳು. ಅವಳು ಬೇಸಿಗೆಯಿಂದ ವೃದ್ಧಾಶ್ರಮವೊಂದರಲ್ಲಿ ಶನಿವಾರಗಳಂದು ಕೆಲಸ ಮಾಡುತ್ತಿದ್ದಾಳೆ. ನವೆಂಬರ್‌ನಿಂದ ಅಲ್ಲಿಯ ಹಿರಿಯರ ಔಷಧಿಗಳ ವೇಳಾಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರತಿಯೊಬ್ಬರ ಹಾಸಿಗೆಯ ಬಳಿ ಅಂಟಿಸುವ ಕೆಲಸವನ್ನು ತಾನೇ ಮುಂದೆ ನಿಂತು ಮಾಡಿದ್ದಾಳೆ. ಅರ್ಜಿಯಲ್ಲಿ ಅದರ ಸುಳಿವೇ ಇಲ್ಲ. ಇದು ಪತ್ರಕ್ಕೆ ಬರುವಂಥ ವಿಷಯವೇ? ಬಹುಮಾನವಾಗಲಿ, ಪ್ರಕಟವಾದ ಲೇಖನವಾಗಲಿ ಅವಳ ಬಳಿ ಹೊಸದಾಗಿ ಏನೂ ಇಲ್ಲ ಎಂಬುದೇ ನನ್ನ ಅಳುಕು.

ಉತ್ತರ 1ರವರು

ಖಂಡಿತ ಬರುವ ವಿಷಯ, ಮೇಡಂ. ಬಹುಮಾನವಿಲ್ಲವೆಂದು ಅಳುಕಬೇಡಿ. ಎಷ್ಟು ಹಿರಿಯರಿಗೆ ಮಾಡಿದಳು, ಮೊದಲ ಸಲ ಬರೆದ ಪಟ್ಟಿಯಲ್ಲಿ ಏನು ತಪ್ಪಿತು, ಅಲ್ಲಿಯ ನರ್ಸ್ ಏನು ತಿದ್ದಿದರು, ಈಗ ಯಾರಾದರೂ ಅದನ್ನು ನೋಡಿ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಅವಳದೇ ಮಾತಿನಲ್ಲಿ ಬರೆಯಲಿ. ಹಿರಿಯರ ಹೆಸರುಗಳನ್ನು ಬರೆಯಬಾರದು. ಬಯಾಲಜಿಯಲ್ಲಿ ಅವಳಿಗೆ ಏನು ಕುತೂಹಲ ಎಂಬುದಕ್ಕೆ ಇದು ತಾನಾಗಿಯೇ ಹೊಂದಿಕೊಳ್ಳುತ್ತದೆ, ಅದನ್ನು ಎಳೆದು ಜೋಡಿಸುವ ಅಗತ್ಯವಿಲ್ಲ. ನೀವು ಪತ್ರವನ್ನು ಓದಿ, ಆದರೆ ತಿದ್ದಬೇಡಿ; ಹದಿನೇಳರ ಹುಡುಗಿಯ ಬರವಣಿಗೆ ಯಾವುದು, ತಂದೆತಾಯಿಯ ಕೈ ಎಲ್ಲಿ ಆಡಿದೆ ಎಂಬುದು ಸಾವಿರಾರು ಅರ್ಜಿ ಓದಿದವರಿಗೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಂದು ಮಗಳು ಕೌನ್ಸೆಲರ್ ಅವರನ್ನು ಕಂಡು ಬಂದಳು. ಕಳೆದ ನಾಲ್ಕು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಅಲ್ಲಿ ಡಿಫರ್ ಆದವರು ಆರು ಮಂದಿ, ನಂತರ ಆಯ್ಕೆಯಾದವರು ಒಬ್ಬರು. ಆ ಲೆಕ್ಕ ಕೇಳಿ ಅವಳು ಇನ್ನಷ್ಟು ಕುಗ್ಗಬಹುದೆಂದು ನಾನು ಅಂಜಿದ್ದೆ. ಬದಲಿಗೆ ಸ್ಥಿತಿ ಏನೆಂದು ತಿಳಿದದ್ದೇ ಅವಳಿಗೆ ನೆಮ್ಮದಿ ತಂದಂತಿದೆ. ಮಿಡ್-ಇಯರ್ ರಿಪೋರ್ಟ್ ಜನವರಿ 31ರೊಳಗೆ ಹೋಗುವಂತೆ ನೋಡಿಕೊಳ್ಳುವುದಾಗಿ ಅವರು ಹೇಳಿದ್ದಾರೆ. ಅರ್ಲಿ ಡಿಸಿಷನ್ 2 ಬೇಡವೆಂದು ಮೂವರೂ ಕೂಡಿ ತೀರ್ಮಾನಿಸಿದೆವು, ಏಕೆಂದರೆ ಪಟ್ಟಿಯಲ್ಲಿರುವ ಎರಡು ಕಾಲೇಜುಗಳ ನಡುವೆ ಅವಳಿಗೆ ಇನ್ನೂ ಆಯ್ಕೆ ಮಾಡಲಾಗುತ್ತಿಲ್ಲ. ಪಿಟ್ಸ್‌ಬರ್ಗ್‌ಗೆ ಇವತ್ತೇ ಅರ್ಜಿ ತೆರೆದಿದ್ದಾಳೆ. ಪತ್ರವನ್ನು ಜನವರಿ ಎರಡನೆಯ ವಾರಕ್ಕೆ ಇಟ್ಟುಕೊಂಡಿದ್ದೇವೆ. ಸದ್ಯ ಊಟದ ಮೇಜಿನ ಮೇಲೆ ಏಳು ಪ್ರಬಂಧಗಳಲ್ಲಿ ಎರಡನೆಯದು ನಡೆಯುತ್ತಿದೆ.